ನೆಲಕ್ಕೆ ಎಪಾಕ್ಸಿ ಬಳಿಯುವವರ ಸುರಕ್ಷತೆ

ಸಗಣಿ ಸಾರಿಸಿದ ಮಣ್ಣಿನ ನೆಲ, ಅನಂತರ ಶಹಾಬಾದದ ಫರಸಿ, ಆಮೇಲೆ ಟೈಲ್ಸ್. ಧಾರವಾಡ ಜಿಲ್ಲೆಯ ಮನೆಗಳಲ್ಲಿ ನೆಲ ಬದಲಾಗುತ್ತ ಬಂದ ಕ್ರಮವಿದು. ಕಾರ್ಖಾನೆ, ಔಷಧ ಗೋದಾಮು ಹಾಗೂ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಗಳಿಗೆ ಬೇಕಾದುದು ಬೇರೆ ಬಗೆಯ ನೆಲ. ಅಲ್ಲಿ ಕಾಂಕ್ರೀಟಿನ ಮೇಲೆ ಎಪಾಕ್ಸಿ ಅಥವಾ ಪಾಲಿಯುರೆಥೇನ್ ರಾಳ ಬಳಿದು, ಜೋಡಣೆಯ ಗೆರೆಯೇ ಇಲ್ಲದಂತೆ ಮಾಡುತ್ತಾರೆ. ಧಾರವಾಡದ ಬೇಲೂರು, ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶಗಳು ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ತಾಲ್ಲೂಕುಗಳಿಂದ ಬಸ್ಸಿನಲ್ಲಿ ಹೋಗಿಬರುವ ಅಂತರದಲ್ಲಿವೆ. ಮಳೆ ಕೈಕೊಟ್ಟ ವರ್ಷ ಗೌಂಡಿ, ಬಣ್ಣ, ಪಾಲಿಶ್ ಕೆಲಸಗಳಿಗೆ ಇಳಿಯುವ ಒಣಬೇಸಾಯದ ಕುಟುಂಬಗಳ ಯುವಕರಿಗೆ ಇದೂ ಒಂದು ದಿನಗೂಲಿ.

ಈ ಕೆಲಸದ ಮೊದಲ ಹಂತ ಬಳಿಯುವುದಲ್ಲ, ಉಜ್ಜುವುದು. ರಾಳ ಹಿಡಿಯಬೇಕಾದರೆ ಕಾಂಕ್ರೀಟಿನ ಮೇಲ್ಪದರವನ್ನು ಗ್ರೈಂಡರಿನಿಂದ ಕೆರೆಯಬೇಕು. ಆಗ ಏಳುವ ಧೂಳಿನಲ್ಲಿ ಸ್ಫಟಿಕ ರೂಪದ ಸಿಲಿಕಾ ಇರುತ್ತದೆ. ಶ್ವಾಸಕೋಶದ ಆಳಕ್ಕೆ ಇಳಿಯುವ ಅದರ ಕಣಗಳು ಸಿಲಿಕೋಸಿಸ್ ತರುತ್ತವೆ. ಈ ರೋಗಕ್ಕೆ ಗುಣಪಡಿಸುವ ಮದ್ದಿಲ್ಲ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1997ರಲ್ಲೇ ಈ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಅಮೆರಿಕವು 2016ರ ನಿಯಮದಲ್ಲಿ, ಎಂಟು ತಾಸಿನ ಪಾಳಿಯ ಸರಾಸರಿಯಾಗಿ, ಘನ ಮೀಟರ್ ಗಾಳಿಗೆ 50 ಮೈಕ್ರೋಗ್ರಾಂ ಎಂಬ ಮಿತಿ ಹಾಕಿತು. ಗ್ರೈಂಡರಿಗೆ ಧೂಳು ಹೀರುವ ಯಂತ್ರ ಜೋಡಿಸುವುದು, ಇಲ್ಲವೇ ನೀರು ಹಾಯಿಸಿ ಉಜ್ಜುವುದು ಮುಖ್ಯ ಪರಿಹಾರ. ಮುಖಕ್ಕೆ ಸುತ್ತಿದ ಟವೆಲ್ ಈ ಧೂಳನ್ನು ತಡೆಯದು.

ನವಲಗುಂದ, ಅಣ್ಣಿಗೇರಿ ಭಾಗದ ಎರೆ ಭೂಮಿಯಲ್ಲಿ ಈ ಕಷ್ಟ ಇಮ್ಮಡಿಯಾಗಬಹುದು. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅಡಿಪಾಯ ಸರಿಯಿಲ್ಲದಿದ್ದರೆ ಮೇಲಿನ ಕಾಂಕ್ರೀಟೂ ಬಿರುಕು ಬಿಟ್ಟು ತೇವ ಮೇಲೇರುತ್ತದೆ. ತೇವದ ನೆಲಕ್ಕೆ ಬಳಿದ ಎಪಾಕ್ಸಿ ಗುಳ್ಳೆಯೆದ್ದು ಕಿತ್ತುಬರುತ್ತದೆ. ಆಗ ಮತ್ತೆ ಉಜ್ಜಬೇಕು, ಮತ್ತೆ ಧೂಳು ಕುಡಿಯಬೇಕು. ಪ್ಲಾಸ್ಟಿಕ್ ಹಾಳೆಯೊಂದನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಒಂದು ದಿನ ನೆಲದ ಮೇಲೆ ಬಿಟ್ಟರೆ, ಅಡಿಯಲ್ಲಿ ಹನಿಗಟ್ಟಿದೆಯೇ ಎಂಬುದು ತಿಳಿಯುತ್ತದೆ. ಇದನ್ನು ನೆಲದ ಗುಣಮಟ್ಟದ ಪರೀಕ್ಷೆ ಎಂದಷ್ಟೇ ನೋಡುವುದು ವಾಡಿಕೆ. ಉಜ್ಜುವವನ ಎದೆಗೂ ಅದಕ್ಕೂ ಇರುವ ನಂಟನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಎರಡನೆಯ ಅಪಾಯ ಕಣ್ಣಿಗೆ ಬೀಳದು. ಎಪಾಕ್ಸಿ ಎರಡು ಡಬ್ಬಿಗಳಲ್ಲಿ ಬರುತ್ತದೆ: ಒಂದು ರಾಳ, ಇನ್ನೊಂದು ಅದನ್ನು ಗಟ್ಟಿಗೊಳಿಸುವ ಹಾರ್ಡನರ್. ಹಾರ್ಡನರಿನಲ್ಲಿರುವ ಅಮೈನ್‌ಗಳು ಚರ್ಮವನ್ನು ಸುಡಬಲ್ಲವು. ಅದಕ್ಕಿಂತ ಮುಖ್ಯವಾಗಿ, ರಾಳ ಮತ್ತು ಹಾರ್ಡನರ್ ಎರಡೂ ಅಲರ್ಜಿ ಹುಟ್ಟಿಸುತ್ತವೆ. ಮೊದಲ ದಿನ ಏನೂ ಆಗುವುದಿಲ್ಲ. ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆದ ಮೇಲೆ ಬೆರಳ ಸಂದಿನಲ್ಲಿ ತುರಿಕೆ, ಮಣಿಕಟ್ಟಿನಲ್ಲಿ ಗುಳ್ಳೆ, ರೆಪ್ಪೆಗಳಲ್ಲಿ ಊತ ಕಾಣಿಸಿಕೊಳ್ಳುತ್ತದೆ. ಒಮ್ಮೆ ಅಲರ್ಜಿ ನೆಲೆಯೂರಿತೆಂದರೆ ಅದು ಸಾಮಾನ್ಯವಾಗಿ ಜೀವನಪರ್ಯಂತದ್ದು. ಅತ್ಯಲ್ಪ ಸೋಂಕಿದರೂ ಮರುಕಳಿಸುತ್ತದೆ. ಕಲಿತ ಕಸುಬನ್ನೇ ಬಿಡಬೇಕಾದ ಸ್ಥಿತಿ ಬರುತ್ತದೆ.

ಇದಕ್ಕೆ ದಾರಿ ಮಾಡುವ ಅಭ್ಯಾಸ ಬಲು ಸಾಮಾನ್ಯವಾದುದು: ಸಂಜೆ ಕೈಗೆ ಅಂಟಿದ ರಾಳವನ್ನು ಥಿನ್ನರಿನಿಂದ ತೊಳೆಯುವುದು. ಥಿನ್ನರ್ ಚರ್ಮದ ಜಿಡ್ಡನ್ನು ತೆಗೆದು ರಾಸಾಯನಿಕಕ್ಕೆ ಒಳದಾರಿ ತೆರೆಯುತ್ತದೆ. ಸಾಬೂನು ಮತ್ತು ನೀರೇ ಸರಿ. ಬಟ್ಟೆಯ ಕೈಗವಸು ರಾಳವನ್ನು ಹೀರಿ ಚರ್ಮಕ್ಕೇ ಒತ್ತಿ ಹಿಡಿಯುವುದರಿಂದ ಬರಿಗೈಗಿಂತಲೂ ಕೆಟ್ಟದ್ದು. ನೈಟ್ರೈಲ್ ಕೈಗವಸು ಬೇಕು. ಅದೂ ಹರಿದ ಕೂಡಲೇ ಬದಲಾಗಬೇಕು.

ಬೇಸಿಗೆಯ ಬಿಸಿಲು ಬೇರೆ ಅವಸರ ತರುತ್ತದೆ. ಬೆರೆಸಿದ ಎಪಾಕ್ಸಿ ತಾನೇ ಬಿಸಿಯಾಗುತ್ತದೆ. ಉಷ್ಣಾಂಶ 10 ಡಿಗ್ರಿ ಏರಿದರೆ ಬಳಸಲು ಸಿಗುವ ಸಮಯ ಸುಮಾರು ಅರ್ಧಕ್ಕಿಳಿಯುತ್ತದೆ. ಬಕೆಟ್ಟಿನಲ್ಲೇ ಉಳಿದ ಮಿಶ್ರಣ ಕುದಿದು ಹೊಗೆಯಾಡಬಹುದು. ಆದ್ದರಿಂದ ಸ್ವಲ್ಪಸ್ವಲ್ಪವೇ ಬೆರೆಸಬೇಕು, ಬೆರೆಸಿದ್ದನ್ನು ಕೂಡಲೇ ನೆಲಕ್ಕೆ ಸುರಿಯಬೇಕು. ಥಿನ್ನರಿನ ಆವಿ ಗಾಳಿಗಿಂತ ಭಾರ. ಕುಕ್ಕರಗಾಲಲ್ಲಿ ಕೂತು ಕರಣೆ ಆಡಿಸುವವನ ಮೂಗಿನ ಮಟ್ಟದಲ್ಲೇ ಅದು ಹರಡಿಕೊಳ್ಳುತ್ತದೆ. ಮುಚ್ಚಿದ ಕೋಣೆಯಲ್ಲಿ ಒಂದು ಬೀಡಿಯ ಕಿಡಿ ಸಾಕು. ಎನ್-95 ಮಾಸ್ಕ್ ಧೂಳಿಗೆ ಮಾತ್ರ. ಆವಿಗೆ ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕೇ ಆಗಬೇಕು. ಪಾಲಿಯುರೆಥೇನಿನ ಐಸೋಸಯನೇಟುಗಳು ಆಸ್ತಮಾ ತರಬಲ್ಲವು. ಐರೋಪ್ಯ ಒಕ್ಕೂಟದಲ್ಲಿ 2023ರ ಆಗಸ್ಟಿನಿಂದ ತರಬೇತಿ ಪಡೆಯದವರು ಇವನ್ನು ಉದ್ಯೋಗದಲ್ಲಿ ಬಳಸುವಂತಿಲ್ಲ.

ಕಾನೂನಿನ ಕೊರತೆ ಇಲ್ಲ. ಕಟ್ಟಡ ಕಾರ್ಮಿಕರ ಕಾಯ್ದೆ 1996ರದು, ಕರ್ನಾಟಕದ ನಿಯಮಗಳು 2006ರವು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆ ಅವುಗಳ ವ್ಯಾಪ್ತಿಯನ್ನು ಒಳಗೊಂಡಿದೆ. ತೊಡಕಿರುವುದು ಹೊಣೆಗಾರಿಕೆಯಲ್ಲಿ: ಕಾರ್ಖಾನೆ ಗುತ್ತಿಗೆದಾರನತ್ತ ಬೆರಳು ತೋರಿದರೆ, ಗುತ್ತಿಗೆದಾರ ಮೇಸ್ತ್ರಿಯತ್ತ ತೋರುತ್ತಾನೆ. 18ರಿಂದ 60 ವರ್ಷದೊಳಗಿನ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದ ಕಟ್ಟಡ ಕಾರ್ಮಿಕರು ರಾಜ್ಯ ಕಲ್ಯಾಣ ಮಂಡಳಿಯಲ್ಲಿ ನೋಂದಣಿಗೆ ಅರ್ಹರು. ವಾರಕ್ಕೊಂದು ಊರಿನಲ್ಲಿ ದುಡಿಯುವವರು ದಿನಗಳ ಲೆಕ್ಕವನ್ನು ಬರೆದಿಟ್ಟುಕೊಳ್ಳುವುದು ಲೇಸು.

ತುರಿಕೆ ಬಂದಾಗ ಔಷಧ ಅಂಗಡಿಯ ಮುಲಾಮು ಹಚ್ಚಿ ಮರುದಿನ ಅದೇ ಡಬ್ಬಿ ತೆರೆಯುವುದರಿಂದ ಕಾಯಿಲೆ ಬಲಿಯುತ್ತದೆ. ಚರ್ಮರೋಗ ತಜ್ಞರಲ್ಲಿಗೆ ಹೋಗುವಾಗ ರಾಳ, ಹಾರ್ಡನರ್ ಎರಡೂ ಡಬ್ಬಿಗಳ ಲೇಬಲ್ಲನ್ನು ಒಯ್ಯಬೇಕು, ಇಲ್ಲವೇ ಮೊಬೈಲಿನಲ್ಲಿ ಅದರ ಚಿತ್ರ ಇಟ್ಟುಕೊಂಡಿರಬೇಕು. ಯಾವ ರಾಸಾಯನಿಕವನ್ನು ಪರೀಕ್ಷಿಸಬೇಕೆಂಬುದು ವೈದ್ಯರಿಗೆ ತಿಳಿಯುವುದು ಆ ಲೇಬಲ್ಲಿನಿಂದಲೇ.