ನೌಕಾವಾಸಿಗಳ ರಾತ್ರಿಗಾವಲು: ಕನ್ನಡ ಕರಾವಳಿಯ ಕೆಲವು ಚಾರಿತ್ರಿಕ ನಿದರ್ಶನಗಳು

1

ಸೊಲ್ಲಾಪುರ ರಸ್ತೆಯಿಂದ ವಿಜಯಪುರವನ್ನು ಪ್ರವೇಶಿಸುವವರಿಗೆ ಈ ನಗರವು ಮೊದಲು ಗುಮ್ಮಟಗಳ ನಗರವಾಗಿ ಕಾಣಿಸಿ, ಅನಂತರ ಕೋಟೆಯ ನಗರವಾಗಿ ಅರ್ಥವಾಗುತ್ತದೆ. ಒಂದನೆಯ ಅಲಿ ಆದಿಲ್‌ಶಹನ ಆಳ್ವಿಕೆಯಲ್ಲಿ, 1565ರ ಸುಮಾರಿಗೆ, ಪೂರ್ಣಗೊಂಡ ಹೊರಗೋಡೆಯ ಸುತ್ತಳತೆ ಸುಮಾರು 10 ಕಿಲೋಮೀಟರು. ಅದಕ್ಕೆ 96 ಬುರುಜುಗಳು; ಅದರ ಹೊರಗೆ 40ರಿಂದ 50 ಅಡಿ ಅಗಲದ ಕಂದಕ. ಗೋಡೆಯ ಒಳಭಾಗದ ಎತ್ತರದ ನೆಲದ ಮೇಲೆ 1584ರಲ್ಲಿ ಹೈದರಖಾನನು ಕಟ್ಟಿಸಿದ ಉಪ್ಲಿ ಬುರುಜು ಸುಮಾರು 80 ಅಡಿ ಎತ್ತರವಾಗಿದ್ದು, ಹೊರಮೈಯನ್ನು ಸುತ್ತಿಕೊಂಡು ಹೋಗುವ ಮೆಟ್ಟಿಲುಗಳ ಮೂಲಕ ಅದರ ನೆತ್ತಿಯನ್ನು ಸೇರಬಹುದು. ಪಶ್ಚಿಮದ ಗೋಡೆಯಲ್ಲಿ ಸುಮಾರು 55 ಟನ್ನು ತೂಕದ ಮಲಿಕ್-ಎ-ಮೈದಾನ್ ತೋಪು ಇದೆ. ಇದು 1549ರಲ್ಲಿ ಅಹಮದನಗರದಲ್ಲಿ ಎರಕಗೊಂಡು, 1632ರಲ್ಲಿ ಪರಂಡಾ ಕೋಟೆಯಿಂದ ಭೀಮಾನದಿಯನ್ನು ದಾಟಿ ಇಲ್ಲಿಗೆ ಬಂದಿತು.

ಈ ರಚನೆಗಳ ಉದ್ದೇಶವನ್ನು ಒಂದು ಮಾತಿನಲ್ಲಿ ಹೇಳುವುದಾದರೆ, ಅವು ಮಲಗಿರುವವನಿಗೆ ಏಳಲು ಬೇಕಾದ ಅವಕಾಶವನ್ನು ದೊರಕಿಸಿಕೊಡುತ್ತವೆ. ಕಂದಕವು ಶತ್ರುವನ್ನು ತಡೆಯುತ್ತದೆ. ಗೋಡೆ ಇನ್ನಷ್ಟು ತಡೆಯುತ್ತದೆ. ಬುರುಜಿನ ಮೇಲಿರುವ ಕಾವಲುಗಾರನು ಆ ವಿಳಂಬವನ್ನು ಉಪಯೋಗಿಸಿಕೊಂಡು ಊರನ್ನು ಎಚ್ಚರಿಸುತ್ತಾನೆ. ಕೋಟೆಯೊಳಗಿನ ನಿದ್ರೆಗೆ ಆಧಾರವಾದದ್ದು ಇಷ್ಟೇ.

ಹೀಗಿರಲು, ಗೋಡೆಯೇ ಇಲ್ಲದ ಕಡೆ ವಾಸಿಸುವವರು ರಾತ್ರಿಯನ್ನು ಹೇಗೆ ಕಳೆಯುತ್ತಿದ್ದರು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಅಂಥವರಲ್ಲಿ ಮುಖ್ಯರಾದವರು ತಿಂಗಳುಗಟ್ಟಲೆ ಹಡಗು ದೋಣಿಗಳನ್ನೇ ಮನೆಮಾಡಿಕೊಂಡಿದ್ದ ನಾವಿಕರು, ವರ್ತಕರು ಮತ್ತು ಯಾತ್ರಿಕರು. ಕೋಟೆಗೆ ಕಂದಕವಾಗಿ ಒದಗುವ ನೀರೇ ನೌಕೆಗೆ ಕಳ್ಳನ ದಾರಿಯಾಗುತ್ತದೆ. ಅಲ್ಲಿ ನಾಲ್ಕು ದಿಕ್ಕೂ ಬಾಗಿಲು. ಮಲಗಿದವನಿಗೂ ಬರುವವನಿಗೂ ನಡುವೆ ಒಂದು ಹಲಗೆ ಮಾತ್ರ.

ಈ ಪ್ರಶ್ನೆಯನ್ನು ಬಯಲುಸೀಮೆಯ ವಿಜಯಪುರದಲ್ಲಿ ಕುಳಿತು ಕೇಳುವುದು ಕೆಲವರಿಗೆ ಅಸಂಗತವಾಗಿ ತೋರಬಹುದು. ಆದರೆ ಆದಿಲ್‌ಶಾಹಿ ರಾಜ್ಯವು ಕಡಲನ್ನು ಬಿಟ್ಟು ಬದುಕಿದ ರಾಜ್ಯವಲ್ಲ. ದಾಭೋಳವು ಅದರ ಪ್ರಧಾನ ಬಂದರು. 1510ರವರೆಗೆ ಗೋವೆಯೂ ಅದರದೇ. ಮುಂದೆ ಬಹುಕಾಲ ಕಾರವಾರವೂ ಅದರ ಅಧೀನದಲ್ಲಿದ್ದಿತು. ದಂಡಿಗೆ ಬೇಕಾದ ಅರಬ್ಬೀ ಕುದುರೆಗಳು ಬಂದದ್ದೂ, ಮಕ್ಕಾ ಯಾತ್ರಿಕರು ಹೊರಟದ್ದೂ ಈ ಬಂದರುಗಳ ಮೂಲಕವೇ. 1508ರ ಡಿಸೆಂಬರಿನಲ್ಲಿ ಪೋರ್ತುಗೀಜರ ಅಲ್ಮೇಡನು ದಾಭೋಳವನ್ನು ಸುಟ್ಟನು. ಎರಡು ವರ್ಷಗಳಲ್ಲಿ ಅಲ್ಬುಕರ್ಕನು ಗೋವೆಯನ್ನು ಕಿತ್ತುಕೊಂಡನು. ಕಡಲಿನ ಮೇಲೆ ಕಾವಲು ತಪ್ಪಿದರೆ ಅದರ ನಷ್ಟವು ಘಟ್ಟವನ್ನು ಹತ್ತಿ ರಾಜಧಾನಿಯವರೆಗೂ ಬರುತ್ತಿದ್ದಿತೆಂಬುದಕ್ಕೆ ಇವೆರಡೇ ಸಾಕು.

2

ನಮ್ಮ ಪಶ್ಚಿಮ ಕರಾವಳಿಯ ಕಡಲ್ಗಳ್ಳತನವನ್ನು ಕುರಿತ ಪ್ರಸಿದ್ಧ ವಿವರಣೆಗಳಲ್ಲಿ ಒಂದು, 13ನೆಯ ಶತಮಾನದ ಕೊನೆಯ ದಶಕದಲ್ಲಿ ಈ ದಾರಿಯಾಗಿ ಸಾಗಿದ ಮಾರ್ಕೋ ಪೋಲೋನದು. ಮಲಬಾರು ಮತ್ತು ಗುಜರಾತಿನ ತೀರಗಳಿಂದ ಪ್ರತಿವರ್ಷವೂ ನೂರಕ್ಕೂ ಮಿಕ್ಕಿದ ಕಳ್ಳನೌಕೆಗಳು ಹೊರಡುತ್ತಿದ್ದುವೆಂದು ಅವನು ಬರೆಯುತ್ತಾನೆ. ಆ ಕಡಲ್ಗಳ್ಳರು ಹೆಂಡಿರು ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಬೇಸಗೆಯನ್ನೆಲ್ಲ ಕಡಲಿನ ಮೇಲೆಯೇ ಕಳೆಯುತ್ತಿದ್ದರೆಂಬ ಮಾತು ಪ್ರಕೃತ ವಿಷಯಕ್ಕೆ ಅತ್ಯಂತ ಮುಖ್ಯವಾದುದು. ಅಂದರೆ ನೌಕಾವಾಸಿಗಳನ್ನು ಸುಲಿಯುತ್ತಿದ್ದವರೂ ನೌಕಾವಾಸಿಗಳೇ ಆಗಿದ್ದರು.

ಅವರ ಕ್ರಮವನ್ನು ಪೋಲೋ ವಿಶದವಾಗಿ ತಿಳಿಸಿದ್ದಾನೆ. ಇಪ್ಪತ್ತು ಮೂವತ್ತು ನೌಕೆಗಳು ಒಂದುಗೂಡಿ, ಒಂದರಿಂದೊಂದು ಐದಾರು ಮೈಲಿ ದೂರದಲ್ಲಿ ಸಾಲಾಗಿ ನಿಲ್ಲುತ್ತಿದ್ದುವು. ಹೀಗೆ ಸುಮಾರು ನೂರು ಮೈಲಿಯ ಕಡಲು ಅವುಗಳ ಕಣ್ಣಿನ ಕೆಳಗಿರುತ್ತಿದ್ದಿತು. ಒಂದು ನೌಕೆಯವರಿಗೆ ವರ್ತಕರ ಹಡಗು ಕಂಡಕೂಡಲೆ ಬೆಂಕಿಯಿಂದಲೋ ಹೊಗೆಯಿಂದಲೋ ಸಂಜ್ಞೆ ಮಾಡುತ್ತಿದ್ದರು. ಉಳಿದವರೆಲ್ಲರೂ ಅತ್ತ ಧಾವಿಸುತ್ತಿದ್ದರು. ಹಗಲಿಗೆ ಹೊಗೆ, ಇರುಳಿಗೆ ಬೆಂಕಿ. ಮಲಗಿದವರನ್ನು ಎಚ್ಚರಿಸಲು ಕೋಟೆಯ ಕಾವಲುಗಾರನು ಏನನ್ನು ಮಾಡುತ್ತಿದ್ದನೋ ಅದನ್ನೇ ಇಲ್ಲಿ ಕಳ್ಳನು ಮಾಡುತ್ತಿದ್ದನೆಂಬುದು ಗಮನಾರ್ಹ. ಎಚ್ಚರಿಕೆಯ ವ್ಯವಸ್ಥೆ ಸ್ವಭಾವತಃ ಯಾರ ಪಕ್ಷದ್ದೂ ಅಲ್ಲ. ಅದನ್ನು ಮೊದಲು ಕಟ್ಟಿಕೊಂಡವನಿಗೆ ಅದು ಸಲ್ಲುತ್ತದೆ.

ಗುಜರಾತಿನ ಕಳ್ಳರು ಸೆರೆಸಿಕ್ಕ ವರ್ತಕರಿಗೆ ಹುಣಸೆಯನ್ನು ಕದಡಿದ ಉಪ್ಪುನೀರನ್ನು ಕುಡಿಸಿ, ನುಂಗಿರಬಹುದಾದ ರತ್ನ ಮುತ್ತುಗಳನ್ನು ಹೊರತೆಗೆಯುತ್ತಿದ್ದರೆಂದೂ ಪೋಲೋ ಹೇಳುತ್ತಾನೆ. ತನ್ನ ದೇಹಕ್ಕಿಂತ ಭದ್ರವಾದ ಪೆಟ್ಟಿಗೆ ಹಡಗಿನಲ್ಲಿ ಬೇರೊಂದಿಲ್ಲವೆಂದು ವರ್ತಕನು ಬಗೆದಿದ್ದನು. ಆ ಪೆಟ್ಟಿಗೆಗೂ ಕೀಲಿಕೈ ಇದ್ದಿತು.

ವರ್ತಕರು ಇದಕ್ಕೆ ಕಂಡುಕೊಂಡ ಪರಿಹಾರ ಸರಳವಾದುದು: ದೊಡ್ಡ ಹಡಗು, ತುಂಬ ಜನ, ಸಾಕಷ್ಟು ಆಯುಧ. ಹಾಗೆ ಸಜ್ಜಾಗಿ ಹೋಗುವವರು ಕಳ್ಳರಿಗೆ ಅಂಜುತ್ತಿರಲಿಲ್ಲವೆಂದೂ, ಆದರೂ ಒಮ್ಮೊಮ್ಮೆ ಕೇಡು ತಪ್ಪುತ್ತಿರಲಿಲ್ಲವೆಂದೂ ಅವನೇ ತಿಳಿಸುತ್ತಾನೆ.

3

ಪೋಲೋನ ಅನಂತರ ಸುಮಾರು ಅರ್ಧ ಶತಮಾನಕ್ಕೆ, 1342ರಲ್ಲಿ ದಿಲ್ಲಿಯಿಂದ ಹೊರಟು ಇದೇ ದಾರಿಯಲ್ಲಿ ಬಂದ ಇಬ್ನ್ ಬತೂತನ ಬರಹದಲ್ಲಿ ಹಡಗಿನ ಒಳಗಿನ ಚಿತ್ರ ದೊರೆಯುತ್ತದೆ. ಗುಜರಾತಿನ ಗಾಂಧಾರ ಬಂದರಿನಲ್ಲಿ ಅವನು ಏರಿದ ಜಾಗೀರ್ ಎಂಬ ಹಡಗಿನಲ್ಲಿ 50 ಮಂದಿ ಬಿಲ್ಲುಗಾರರೂ 50 ಮಂದಿ ಹಬಶಿ ಯೋಧರೂ ಇದ್ದರು. ಈ ಕಡಲಿನಲ್ಲಿ ಸುರಕ್ಷತೆಗೆ ಹಬಶಿಗಳೇ ಹೊಣೆಗಾರರೆಂದೂ, ಅವರಲ್ಲಿ ಒಬ್ಬನೇ ಇದ್ದರೂ ಕಳ್ಳರು ಆ ಹಡಗಿನ ಗೊಡವೆಗೆ ಹೋಗುವುದಿಲ್ಲವೆಂದೂ ಅವನು ಸ್ಪಷ್ಟವಾಗಿ ನುಡಿದಿದ್ದಾನೆ. ಅದೇ ತಂಡದ ಇನ್ನೊಂದು ನೌಕೆಗೆ 60 ಹುಟ್ಟುಗಳಿದ್ದುವು. ಹೋರಾಟದ ಸಮಯದಲ್ಲಿ ಹುಟ್ಟುಹಾಕುವವರಿಗೆ ಬಾಣವೂ ಕಲ್ಲೂ ತಗಲದಂತೆ ಅದಕ್ಕೆ ಮಾಡು ಹೊದಿಸುತ್ತಿದ್ದರು.

ಕಲ್ಲಿಕೋಟೆಯಲ್ಲಿ ಅವನು ಕಂಡ ಚೀನೀ ಹಡಗುಗಳು ನೀರಿನ ಮೇಲಿನ ಊರುಗಳೇ ಆಗಿದ್ದುವು. ದೊಡ್ಡ ಹಡಗಿನಲ್ಲಿ ಸಾವಿರ ಜನ; ಅವರಲ್ಲಿ 600 ನಾವಿಕರು, 400 ಯೋಧರು. ಯೋಧರಲ್ಲಿ ಬಿಲ್ಲುಗಾರರೂ ಗುರಾಣಿಯವರೂ ಉರಿಯುವ ಎಣ್ಣೆಯನ್ನು ಎಸೆಯುವವರೂ ಇದ್ದರು. ವರ್ತಕರು ತಮ್ಮ ಕೋಣೆಗಳಿಗೆ ಬೀಗಹಾಕಿಕೊಂಡು ಸಂಸಾರಸಮೇತರಾಗಿ ಇರಬಹುದಾಗಿದ್ದಿತು. ನಾವಿಕರ ಮಕ್ಕಳು ಅಲ್ಲಿಯೇ ಬೆಳೆಯುತ್ತಿದ್ದರು. ಮರದ ತೊಟ್ಟಿಗಳಲ್ಲಿ ಕಾಯಿಪಲ್ಯ ಶುಂಠಿಗಳನ್ನೂ ಬೆಳೆಸುತ್ತಿದ್ದರು. ಹೊರಗಿನ ಕಳ್ಳನಿಗೆ ಯೋಧರು, ಒಳಗಿನ ಕಳ್ಳನಿಗೆ ಬೀಗ ಎಂಬ ಎರಡು ಸುತ್ತಿನ ಏರ್ಪಾಡು ಇಲ್ಲಿ ಕಾಣುತ್ತದೆ. ಆದರೆ ಇಷ್ಟೆಲ್ಲ ಇದ್ದೂ ದಿಲ್ಲಿಯ ಸುಲ್ತಾನನ ಕಾಣಿಕೆಗಳನ್ನು ಹೊತ್ತ ಹಡಗು ಒಂದು ರಾತ್ರಿಯ ಬಿರುಗಾಳಿಗೆ ಸಿಕ್ಕಿ ಒಡೆದುಹೋಯಿತು, ಅದರಲ್ಲಿದ್ದವರು ಸತ್ತರು. ದಡದಲ್ಲಿಯೇ ಉಳಿದಿದ್ದುದರಿಂದ ಬತೂತನು ಬದುಕಿದನು. ಕಡಲಿನ ರಾತ್ರಿಗೆ ಕಳ್ಳನು ಒಬ್ಬನೇ ಅಲ್ಲ.

ಹಬಶಿ ಕಾವಲುಗಾರರ ಪ್ರಸ್ತಾಪವು ನಮ್ಮನ್ನು ಮತ್ತೆ ವಿಜಯಪುರಕ್ಕೆ ಕರೆತರುತ್ತದೆ. ಆಫ್ರಿಕಾ ಮೂಲದ ಈ ಜನರು ದಖನ್ನಿನ ರಾಜ್ಯಗಳಲ್ಲಿ ದೊಡ್ಡ ಪದವಿಗಳಿಗೆ ಏರಿದುದು ಸುವಿದಿತ. 1580ರ ದಶಕದಲ್ಲಿ ಬಾಲಕನಾಗಿದ್ದ ಎರಡನೆಯ ಇಬ್ರಾಹಿಮನ ಪರವಾಗಿ ರಾಜ್ಯವನ್ನು ನಡೆಸಿದ ದಿಲಾವರಖಾನನೂ, 1620ರಲ್ಲಿ ಮಕ್ಕಾ ದರವಾಜೆಯ ಬಳಿ ತಾಜ್ ಬಾವಡಿಯನ್ನು ಕಟ್ಟಿಸಿದ ಮಲಿಕ್ ಸಂದಲನೂ, ಆದಿಲ್‌ಶಾಹಿಯ ಕೊನೆಯ ವರ್ಷಗಳಲ್ಲಿ ಅಧಿಕಾರ ನಡೆಸಿದ ಸಿದ್ದಿ ಮಸೂದನೂ ಹಬಶಿಗಳೇ. 1636ರ ಒಪ್ಪಂದದ ಅನಂತರ ಕೊಂಕಣವು ವಿಜಯಪುರಕ್ಕೆ ಸೇರಿದಾಗ, ಜಂಜೀರಾ ದ್ವೀಪದುರ್ಗದ ಸಿದ್ದಿಗಳು ಆದಿಲ್‌ಶಾಹಿಯ ಕಡಲಗಾವಲಿನ ಹೊಣೆ ಹೊತ್ತರು. 1670ರ ಸುಮಾರಿಗೆ ಮೊಗಲರ ಪಕ್ಷವನ್ನು ಸೇರಿ, ಸೂರತದಿಂದ ಹೊರಡುವ ಯಾತ್ರಾನೌಕೆಗಳಿಗೆ ಬೆಂಗಾವಲಾದರು. ಬತೂತನ ಹಡಗಿನಲ್ಲಿ ಹೆಸರಿಲ್ಲದೆ ಎಚ್ಚರವಿದ್ದ 50 ಮಂದಿಗೂ ಇವರಿಗೂ ನಡುವೆ ಮೂರು ಶತಮಾನಗಳ ಅಂತರವಿದೆ. ಆದರೂ ಇವರು ಮಾಡಿದ ಕೆಲಸ ಒಂದೇ. ಸ್ವದೇಶದಿಂದ ಬೇರ್ಪಟ್ಟು, ಅನೇಕರು ದಾಸರಾಗಿ ಬಂದ ಜನರಿಗೆ ಇತರರ ನಿದ್ರೆಯನ್ನು ಕಾಯುವ ಹೊಣೆ ಬಂದಿತೆಂಬುದನ್ನು ಚರಿತ್ರಕಾರನು ಮರೆಯಬಾರದು.

4

ಆದರೆ ಆಯುಧಧಾರಿಗಳ ಕಾವಲು ಈ ವಿಷಯದ ಒಂದು ಮುಖ ಮಾತ್ರ. ನೌಕೆಯ ಭದ್ರತೆಯು ಕೊನೆಗೆ ದಡದ ಮಾತನ್ನು ಅವಲಂಬಿಸಿದ್ದಿತು. ಈ ಅಂಶವನ್ನು ತಿಳಿಯಲು ಬಾರಕೂರಿನ ನಿದರ್ಶನವು ತುಂಬ ಉಪಯುಕ್ತವಾಗಿದೆ.

ಬತೂತನು ಫಾಕನೂರೆಂದು ಕರೆಯುವ ಬಾರಕೂರಿನ ಅರಸನಿಗೆ ಸುಮಾರು 30 ಯುದ್ಧನೌಕೆಗಳಿದ್ದುವು. ಬತೂತನ ತಂಡದವರು ಬಂದರಿನ ಹೊರಗೆ ಲಂಗರು ಹಾಕಿದರು. ಅರಸನು ತನ್ನ ಮಗನನ್ನೇ ಒತ್ತೆಯಾಗಿ ಹಡಗಿಗೆ ಕಳುಹಿಸಿದ ಮೇಲೆಯೇ ಅವರು ದಡಕ್ಕೆ ಇಳಿದರು. ಈ ಸೀಮೆಯ ಊರುಗಳ ಮುಂದೆ ಹಾಯುವ ಹಡಗು ನಿಂತು ಕಾಣಿಕೆಯನ್ನು ಒಪ್ಪಿಸಬೇಕು; ಅದಕ್ಕೆ ಬಂದರಿನ ಹಕ್ಕೆಂದು ಹೆಸರು. ನಿಲ್ಲದೆ ಹೋದ ಹಡಗನ್ನು ಬೆನ್ನಟ್ಟಿ ಹಿಡಿದುತಂದು, ಇಮ್ಮಡಿ ತೆರಿಗೆಯನ್ನು ವಿಧಿಸಿ, ಇಷ್ಟಬಂದಷ್ಟು ಕಾಲ ತಡೆದು ನಿಲ್ಲಿಸುತ್ತಿದ್ದರು. ಇಲ್ಲಿ ರಕ್ಷಣೆಗೂ ಸುಲಿಗೆಗೂ ನಡುವಣ ಗೆರೆ ಎಷ್ಟು ತೆಳುವಾದುದೆಂಬುದು ಸ್ಪಷ್ಟವಾಗುತ್ತದೆ. ಕಾಣಿಕೆ ಕೊಟ್ಟವನಿಗೆ ಕಾವಲಾಗುವ ನೌಕೆಯೇ ಕೊಡದವನಿಗೆ ಕಳ್ಳನೌಕೆ.

ಮುಂದೆ ಬತೂತನು ಕೊಲ್ಲಂನಿಂದ ಉತ್ತರಕ್ಕೆ ಮರಳುತ್ತಿದ್ದಾಗ, ಬಾರಕೂರು ಹೊನ್ನಾವರಗಳ ನಡುವಣ ಒಂದು ಕಿರುದ್ವೀಪದ ಬಳಿ 12 ಯುದ್ಧನೌಕೆಗಳು ಅವನ ಹಡಗಿನ ಮೇಲೆ ಬಿದ್ದುವು. ಸಿಂಹಳದಿಂದ ತಂದ ರತ್ನಗಳು, ಬಟ್ಟೆಬರೆ, ಬುತ್ತಿ ಎಲ್ಲವೂ ಹೋಗಿ, ಅವನಿಗೆ ಉಟ್ಟ ಇಜಾರವೊಂದು ಉಳಿಯಿತು. ಈ ಸಲ ಅವನಿಗೆ ಯಾವ ಒತ್ತೆಯೂ ಇರಲಿಲ್ಲ. ಯಾವ ದಡದ ಮಾತೂ ಇರಲಿಲ್ಲ.

16ನೆಯ ಶತಮಾನದಲ್ಲಿ ಪೋರ್ತುಗೀಜರು ಇದೇ ತತ್ತ್ವವನ್ನು ಕಾಗದಕ್ಕೆ ಇಳಿಸಿದರು. ಅವರ ಕರ್ತಾಜ್ ಎಂಬ ರಹದಾರಿಯಿಲ್ಲದ ಹಡಗನ್ನು ಹಿಡಿಯಬಹುದಾಗಿದ್ದಿತು. ಆದಿಲ್‌ಶಾಹಿಯ ಹಡಗುಗಳೂ ಅದನ್ನು ಪಡೆಯಬೇಕಾಯಿತು. ಬಾರಕೂರಿನ ಅರಸನು ತನ್ನ ಬಂದರಿನ ಮುಂದೆ ನಡೆಸಿದ್ದನ್ನು ಇವರು ಇಡೀ ಕಡಲಿನ ಮೇಲೆ ನಡೆಸಿದರು. ಇನ್ನು ದಡವೇ ಮೈಮರೆತರೆ ಏನಾಗುವುದೆಂಬುದಕ್ಕೆ ಬಸರೂರು ಸಾಕ್ಷಿ. 1665ರ ಫೆಬ್ರವರಿಯಲ್ಲಿ ಶಿವಾಜಿಯು ನೌಕಾಬಲದೊಡನೆ ಅನಿರೀಕ್ಷಿತವಾಗಿ ಬಂದು, ಕೆಳದಿಯ ಅರಸರ ಆ ಸಂಪನ್ನ ಪಟ್ಟಣವನ್ನು ಸೂರೆಮಾಡಿದನು.

5

ಹಡಗಿನ ಒಳಗೆ ಎಚ್ಚರವಿರುವುದು ಯಾರ ಕೆಲಸವಾಗಿದ್ದಿತು? 16ನೆಯ ಶತಮಾನದ ಕೊನೆಯಲ್ಲಿ ಅಬುಲ್ ಫಜಲನು ರಚಿಸಿದ ಐನ್-ಇ-ಅಕ್ಬರಿಯಲ್ಲಿ ಹಡಗಿನ ಸಿಬ್ಬಂದಿಯನ್ನು ಹನ್ನೆರಡು ವರ್ಗಗಳಾಗಿ ವಿಂಗಡಿಸಲಾಗಿದೆ. ಒಡೆಯನಾದ ನಾಖುದಾ, ದಾರಿ ತೋರುವ ಮಾಲೀಮ, ಖಲಾಸಿಗಳ ಮುಖ್ಯನಾದ ತಂಡೇಲ, ಚುಕ್ಕಾಣಿಗಾರ, ತೋಪು ಹಾರಿಸುವವ ಮೊದಲಾದವರೊಡನೆ ಪಂಜರಿ ಎಂಬ ಒಬ್ಬನು ಬರುತ್ತಾನೆ. ಪಟಸ್ತಂಭದ ತುದಿಯಲ್ಲಿ ಕುಳಿತು, ನೆಲವಾಗಲಿ ಬೇರೆ ಹಡಗಾಗಲಿ ಬರುವ ಬಿರುಗಾಳಿಯಾಗಲಿ ಕಂಡಕೂಡಲೆ ಕೂಗಿ ತಿಳಿಸುವುದೇ ಅವನ ಕೆಲಸ. ಉಪ್ಲಿ ಬುರುಜಿಗೆ ಸಮಾನವಾದುದು ಹಡಗಿನಲ್ಲಿ ಏನಾದರೂ ಇದ್ದರೆ ಅದು ಈ ಪಂಜರಿಯು ಕುಳಿತ ಮರ. ಇನ್ನೂ ಕೆಳಗೆ, ಸೋರಿ ಬಂದ ನೀರನ್ನು ಎತ್ತಿ ಹೊರಚೆಲ್ಲುವ ಗುಮ್ತಿಯೂ ಒಂದು ಬಗೆಯ ಕಾವಲುಗಾರನೇ. ಹಡಗಿಗೆ ನೀರೂ ಹೇಳದೆ ಒಳನುಗ್ಗುವ ಆಗಂತುಕನಷ್ಟೆ. ದೊಡ್ಡ ಹಡಗಿನಲ್ಲಿ ಚುಕ್ಕಾಣಿಗಾರರೇ ಇಪ್ಪತ್ತರವರೆಗೆ ಇರುತ್ತಿದ್ದರೆಂಬುದರಿಂದ, ಸರದಿಯ ಮೇಲೆ ಎಚ್ಚರವಿರುವ ಪದ್ಧತಿ ಇದ್ದಿತೆಂದು ಊಹಿಸಲು ಅವಕಾಶವಿದೆ.

ಈ ಹೆಸರುಗಳಲ್ಲಿ ಕೆಲವು ಇಂದಿಗೂ ಬದುಕಿವೆ. ಮಲ್ಪೆ ಮೊದಲಾದ ನಮ್ಮ ಬಂದರುಗಳಲ್ಲಿ ಆಳಸಮುದ್ರದ ಮೀನುಗಾರಿಕೆಯ ಬೋಟಿನ ಮುಖ್ಯಸ್ಥನನ್ನು ಈಗಲೂ ತಾಂಡೇಲನೆಂದೇ ಕರೆಯುತ್ತಾರೆ. ಅವನೂ ಅವನ ಸಂಗಡಿಗರೂ ವಾರಗಟ್ಟಲೆ ಬೋಟಿನಲ್ಲಿಯೇ ಉಂಡು ಮಲಗುವವರು. 2008ರ ನವೆಂಬರಿನಲ್ಲಿ ಗುಜರಾತಿನ ಪೋರಬಂದರಿನ ಕುಬೇರ್ ಎಂಬ ಮೀನುಗಾರಿಕೆಯ ಬೋಟನ್ನು ಭಯೋತ್ಪಾದಕರು ವಶಪಡಿಸಿಕೊಂಡು, ಅದರ ನಾವಿಕರನ್ನು ಕೊಂದು, ಮುಂಬಯಿಯ ಮೇಲೆ ದಾಳಿ ನಡೆಸಿದರು. ಆಮೇಲೆ ಕರಾವಳಿಯ ರಾಜ್ಯಗಳಲ್ಲಿ ಕಾವಲು ಬಲಗೊಂಡಿತು: ಮೀನುಗಾರರಿಗೆ ಗುರುತಿನ ಚೀಟಿ, ಬೋಟುಗಳಿಗೆ ರಾಜ್ಯವಾರು ಬಣ್ಣ, ದೊಡ್ಡ ಬೋಟುಗಳಿಗೆ ತಾನಿರುವ ಸ್ಥಳವನ್ನು ತಾನೇ ಸಾರುವ ಯಂತ್ರ. ಪೋಲೋನು ಕಂಡ ಬೆಂಕಿಯ ಸಂಜ್ಞೆ ಈಗ ವಿದ್ಯುತ್ತಿನ ಸಂಜ್ಞೆಯಾಗಿದೆ. ಬತೂತನ ಕಾಲದ ಒತ್ತೆಯ ಸ್ಥಾನದಲ್ಲಿ ಸರ್ಕಾರದ ಗುರುತುಚೀಟಿ ಬಂದಿದೆ.

ಆದರೂ 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಎಂಬ ಬೋಟು ಏಳು ಮಂದಿ ಮೀನುಗಾರರೊಡನೆ ಕಣ್ಮರೆಯಾಯಿತು. ದಡದಲ್ಲಿ ಅವರ ಮನೆಯವರು ತಿಂಗಳುಗಟ್ಟಲೆ ಕಾದರು. 2019ರ ಮೇ ತಿಂಗಳಿನಲ್ಲಿ ನೌಕಾಪಡೆಯವರಿಗೆ ಮಹಾರಾಷ್ಟ್ರದ ಮಾಲವಣದ ಆಚೆಯ ಕಡಲತಳದಲ್ಲಿ ಅದರ ಅವಶೇಷ ಸಿಕ್ಕಿತು.

6

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ವಿದಿತವಾಗುತ್ತವೆ. ಮೊದಲನೆಯದಾಗಿ, ನೌಕೆಯಲ್ಲಿ ಗೋಡೆಯ ಕೆಲಸವನ್ನು ಮನುಷ್ಯನ ಎಚ್ಚರವೇ ಮಾಡಬೇಕಾಗಿದ್ದಿತು. ಎರಡನೆಯದಾಗಿ, ಆ ಎಚ್ಚರದ ಭಾರವನ್ನು ಹೊತ್ತವರು ಬಹುಮಟ್ಟಿಗೆ ಹಬಶಿ ಯೋಧ, ಪಂಜರಿ, ಗುಮ್ತಿ ಮುಂತಾದ ಕೆಳಗಿನ ಪದವಿಯವರು; ನಿದ್ರೆಯ ಸುಖವನ್ನು ಪಡೆದವರ ಹೆಸರುಗಳು ಗ್ರಂಥಗಳಲ್ಲಿ ಉಳಿದಂತೆ ಅವರ ಹೆಸರುಗಳು ಉಳಿಯಲಿಲ್ಲ. ಮೂರನೆಯದಾಗಿ, ಕೂಗು ಎಷ್ಟೇ ಗಟ್ಟಿಯಾಗಿದ್ದರೂ ಅದನ್ನು ಕೇಳಿ ಬರುವವರು ದಡದಲ್ಲಿ ಇಲ್ಲದಿದ್ದರೆ ಅದು ವ್ಯರ್ಥ. ಎಚ್ಚರಿಕೆಯು ಕೂಗುವವನ ಮತ್ತು ಓಗೊಡುವವನ ನಡುವಣ ಒಪ್ಪಂದ.

ವಿಜಯಪುರದ ಕಂದಕವನ್ನೂ ಬುರುಜುಗಳನ್ನೂ ಅಳೆದು ದಾಖಲಿಸಿದ ವಿದ್ವಾಂಸರಿಗೆ ನಾವು ಋಣಿಗಳಾಗಿದ್ದೇವೆ. ನೀರಿನ ಮೇಲೆ ಮಲಗಿದವರ ಕೋಟೆಯು ಕಲ್ಲಿನದಲ್ಲವಾದ್ದರಿಂದ ಅದನ್ನು ಅಳೆಯಲು ಬರುವುದಿಲ್ಲ. ಅದು ಉಳಿದಿರುವುದು ಪ್ರವಾಸಿಗಳ ಬರಹಗಳಲ್ಲಿ ಮತ್ತು ನಮ್ಮ ಕರಾವಳಿಯ ಹಿರಿಯ ತಾಂಡೇಲರ ನೆನಪಿನಲ್ಲಿ. ಬರಹಗಳು ಕಾಯಬಲ್ಲುವು, ನೆನಪು ಕಾಯಲಾರದು. ಆ ಹಿರಿಯರ ಮಾತನ್ನು ಕೇಳಿ ಬರೆದಿಡುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳು ತಡಮಾಡದೆ ಕೈಗೊಳ್ಳಬೇಕೆಂದು ನಾವು ಆಶಿಸುತ್ತೇವೆ.