ಮಾಟುಂಗದ ಮೂರು ದಿನದ ಗಂಜಿ

ಮುಂಬಯಿಯ ರೂಮಿನಲ್ಲಿ ಹೊಟ್ಟೆ ಕೆಟ್ಟಾಗ ಎರಡು ದಿನ ಬರೀ ನೀರು ಕುಡಿದು ಶುದ್ಧಿ ಮಾಡ್ಕೊಳ್ತೇನೆ ಅಂತ ಅಮ್ಮನಿಗೆ ಫೋನು ಮಾಡಿದೆ. "ಎಂಥ ಮರ್ಲು ಮಗಾ! ಗಂಜಿ ಕುಡಿ" ಅಂದರು.

ಅಮ್ಮ ಚರಕಸಂಹಿತೆ ಓದಿದವರಲ್ಲ. ಆದರೆ ವಮನ, ವಿರೇಚನ ಆದವರಿಗೆ ಅದರಲ್ಲಿ ಹೇಳಿದ ಸಂಸರ್ಜನ ಕ್ರಮವೂ ಇದೇ ದಾರಿ: ಮೊದಲು ತೆಳು ಪೇಯ, ಆಮೇಲೆ ಗಟ್ಟಿ ವಿಲೇಪಿ, ಬಳಿಕ ಬೇಳೆಯ ಕಟ್ಟು, ಅಂದರೆ ಯೂಷ. ಶೋಧನೆ ಜೋರಾಗಿದ್ದರೆ 7 ದಿನ, ಹಗುರಾಗಿದ್ದರೆ 3. ಸಣ್ಣ ಬೆಂಕಿಗೆ ಹುಲ್ಲು, ಬೆರಣಿ ಹಾಕಿ ಮೆಲ್ಲಗೆ ಹೊತ್ತಿಸಿದ ಹಾಗೆ ಜಠರಾಗ್ನಿಯನ್ನು ಎಬ್ಬಿಸಬೇಕಂತೆ.

ಯಾದವಜಿ ತ್ರಿಕಮಜಿ ಆಚಾರ್ಯರು ಸಂಪಾದಿಸಿದ ಆ ಗ್ರಂಥವನ್ನು 1941ರಲ್ಲಿ ಅಚ್ಚು ಹಾಕಿದ್ದು ಇದೇ ಮುಂಬಯಿಯ ನಿರ್ಣಯಸಾಗರ ಪ್ರೆಸ್ಸು. ಮರುವರ್ಷ, 1942ರಲ್ಲಿ, ಮಾಟುಂಗ ಸ್ಟೇಷನ್ ಹತ್ತಿರ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರುವಾಯಿತು. ಒಂದಕ್ಕೊಂದು ಸಂಬಂಧವಿಲ್ಲ, ನಿಜ. ಆದರೂ ನನಗೆ ಎರಡೂ ಒಟ್ಟಿಗೇ ನೆನಪಾಗುತ್ತವೆ. ಊರು ಬಿಟ್ಟ ಹುಡುಗರಿಗೆ ಬಾಳೆಲೆ ಊಟ ದುಡ್ಡಿಗೆ ಸಿಕ್ಕೀತು. ಜ್ವರ ಬಂದ ರಾತ್ರಿ ಗಂಜಿ ಬೇಯಿಸಿ ಕೊಡುವವರು ಯಾರು?

ನಾನೇ ಕುಚ್ಚಲಕ್ಕಿ ಬೇಯಿಸಿದೆ. ಮೊದಲ ದಿನ ತಿಳಿ, ಎರಡನೇ ದಿನ ಗಟ್ಟಿ, ಮೂರನೇ ದಿನ ಜೀರಿಗೆ, ಶುಂಠಿ ಹಾಕಿದ ಹೆಸರುಬೇಳೆ ಕಟ್ಟು. ಹೊಟ್ಟೆ ಹಗುರಾಯ್ತು. ರೂಮಿನ ಗೆಳೆಯ ತಾನೂ ಮಾಡ್ತೇನೆ ಅಂದ. ಅವನಿಗೆ ಸಕ್ಕರೆ ಕಾಯಿಲೆ. ಅಮ್ಮ ಫೋನಿನಲ್ಲೇ ಗದರಿದರು: "ಮಾತ್ರೆ ತಿನ್ನುವವ ಡಾಕ್ಟರನ್ನು ಕೇಳದೆ ಊಟ ಬಿಡುವುದು ಬೇಡ ಅಂತ ಹೇಳು. ನೀನೂ ನಾಳೆಯಿಂದ ಅನ್ನ ಉಣ್ಣು."