ಪಕ್ಕವಾರು ಹಂಚಿಕೆ (ಗ್ರೇಹೌಂಡ್ ಓಟ)

ಪಕ್ಕವಾರು ಹಂಚಿಕೆ ಎಂಬುದು ಬ್ರಿಟನ್ನಿನ ಗ್ರೇಹೌಂಡ್ ಓಟಗಳಲ್ಲಿ, ನಾಯಿಯು ಟ್ರ್ಯಾಕಿನ ಯಾವ ಪಕ್ಕ ಹಿಡಿದು ಓಡುತ್ತದೆ ಎಂಬುದನ್ನು ಗಮನಿಸಿ ಅದು ಹೊರಡುವ ಪೆಟ್ಟಿಗೆಯನ್ನು ನಿಗದಿಪಡಿಸುವ ಪದ್ಧತಿ. ಈ ಪೆಟ್ಟಿಗೆಗೆ ಟ್ರ್ಯಾಪ್ ಎಂದು ಹೆಸರು. ಸಾಮಾನ್ಯವಾಗಿ ಆರು ನಾಯಿಗಳು ಸ್ಪರ್ಧಿಸುತ್ತವೆ. 1ನೆಯ ಟ್ರ್ಯಾಪ್ ಒಳಬೇಲಿಯ ಕಡೆಗೂ 6ನೆಯದು ಹೊರಗಡೆಗೂ ಇರುತ್ತದೆ. ಒಳಬೇಲಿಗೆ ಅಂಟಿಕೊಂಡು ಓಡುವ ನಾಯಿ ರೇಲರ್. ಓಟದ ಪಟ್ಟಿಯಲ್ಲಿ ಅದಕ್ಕೆ ಗುರುತಿಲ್ಲ. ನಡುವೆ ಓಡುವುದಕ್ಕೆ ‘ಎಂ’, ಹೊರಗೆ ಓಡುವುದಕ್ಕೆ ‘ಡಬ್ಲ್ಯೂ’ ಎಂದು ಗುರುತಿಸಲಾಗುತ್ತದೆ.

ಪದ್ಧತಿಯ ಮುಖ್ಯ ಉದ್ದೇಶ ಮೊದಲ ತಿರುವಿನ ಡಿಕ್ಕಿಯನ್ನು ತಗ್ಗಿಸುವುದು. ಓಟ ಎಡಕ್ಕೆ ತಿರುಗುವುದರಿಂದ ಬಲ ಹಿಂಗಾಲಿನ ಕೀಲಿಗೆ ಹೆಚ್ಚು ಒತ್ತಡ ಬೀಳುತ್ತದೆ. ಅಲ್ಲಿನ ಮೂಳೆ ಮುರಿತ ಈ ನಾಯಿಗಳ ಗಂಭೀರ ಗಾಯಗಳಲ್ಲೊಂದು. ಆದರೆ ಒಂದೇ ಓಟಕ್ಕೆ ನಾಲ್ಕು ರೇಲರ್‌ಗಳು ಬಂದರೆ ಒಂದು 4ನೆಯ ಟ್ರ್ಯಾಪಿನಿಂದಲೇ ಹೊರಟು, ಉಳಿದವುಗಳ ದಾರಿಗೆ ಅಡ್ಡವಾಗಿ ಒಳಕ್ಕೆ ನುಗ್ಗಬಹುದು. ‘ಫ್ಲ್ಯಾಪಿಂಗ್’ ಎನ್ನಲಾಗುವ ಪರವಾನಗಿರಹಿತ ಟ್ರ್ಯಾಕ್‌ಗಳಲ್ಲಿ ನಾಯಿಗಳು ಬೇರೆ ಹೆಸರಿನಲ್ಲಿ ಓಡುವ ರೂಢಿಯೂ ಇದ್ದುದರಿಂದ, ಹಿಂದಿನ ಓಟಗಳ ದಾಖಲೆಯನ್ನು ನೋಡಿ ಪಕ್ಕ ನಿರ್ಧರಿಸುವುದು ಅಲ್ಲಿ ಇನ್ನೂ ಕಷ್ಟವಾಗಿತ್ತು.